ಒಂದೇ ಕಡೆಯ ಗೆರೆಗಳು

ಗೆರೆಗಳೆಲ್ಲ ಒಂದೇ ಕಡೆ ಇವೆ, ಹೊಗೆ ಹೊರಗೆ ಹೋಗುವ ಕಿಂಡಿಯ ಕಡೆ, ಅವಳು ಸಿಲಿಂಡರನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ದುರ್ಬೀನು ನೋಡುವವರ ಹಾಗೆ ಒಳಗೆ ನೋಡುತ್ತಾಳೆ, ಆ ಮಗ್ಗುಲಲ್ಲಿ ಬೆಕ್ಕು ಪರಚಿದಂತೆ ಉದ್ದುದ್ದ ಗೆರೆ, ಈ ಮಗ್ಗುಲಲ್ಲಿ ಮುಖ ನೋಡಿಕೊಳ್ಳುವಷ್ಟು ನುಣುಪು, ಅಂಚಿನ ಮೇಲೆ ಒಂದು ನೊಣ ಬಂದು ಕೂತು ಕೈ ಕೈ ಉಜ್ಜಿಕೊಂಡು ಹಾರಿಹೋಯಿತು, ಯಾಕೆ ಒಂದೇ ಕಡೆ — ಈ ಮರ ಕೊಯ್ಯುವ ಗರಗಸದ ಇಂಜಿನ್ನಿಗೆ ಎಣ್ಣೆಯ ತೊಟ್ಟಿ ಅಂತ ಬೇರೆ ಇಲ್ಲ, ಪೆಟ್ರೋಲಿಗೇ ಎಣ್ಣೆ ಬೆರೆಸಿ ಕುಡಿಸಬೇಕು, ಬೆರೆಸದೆ ಓಡಿಸಿದರೆ ಒಳಗೆಲ್ಲ ಒಣಗಿ ಸುತ್ತಲೂ ಪರಚಿಕೊಳ್ಳುತ್ತದೆ, ಗಂಟಲು ಒಣಗಿದರೆ ಒಂದೇ ಪಕ್ಕ ಒಣಗುತ್ತದೆಯೇ, ಹೋದ ವರ್ಷ ಮಾವನ ಈ ರಿಪೇರಿ ಅಂಗಡಿಗೆ ಒಂದು ಹುಲ್ಲು ಕತ್ತರಿಸುವ ಮಿಷನ್ನು ಬಂದಿತ್ತು, ಅದರ ಯಜಮಾನ ಬರೀ ಪೆಟ್ರೋಲು ಸುರಿದು ಇಡೀ ಮೈದಾನ ಸವರಿದ್ದ, ಅದರ ಪಿಸ್ಟನ್ನು ಎಲ್ಲ ಕಡೆಯೂ ಚರ್ಮ ಸುಲಿದ ಹಾಗಿತ್ತು, ತಳದ ಬೇರಿಂಗು ಬೆಂದು ನೀಲಿಯಾಗಿತ್ತು, ಆ ನೀಲಿಯನ್ನು ಅವಳು ಮರೆತಿಲ್ಲ, ಇಲ್ಲಿ ನೀಲಿ ಎಲ್ಲಿದೆ, ಸಿಲಿಂಡರನ್ನು ಬಟ್ಟೆಯ ಮೇಲಿಟ್ಟು ಅವಳು ಇಂಜಿನ್ನಿನ ಹೊಟ್ಟೆಯೊಳಗೆ ಬೆರಳು ಇಳಿಸುತ್ತಾಳೆ, ಬೇರಿಂಗು ಬೆಳ್ಳಗೆ ಹೊಳೆಯುತ್ತಿದೆ, ತಿರುಗಿಸಿದರೆ ಸದ್ದಿಲ್ಲದೆ ತಿರುಗುತ್ತದೆ, ಬೆರಳ ತುದಿಗೆ ಪಸೆ ಅಂಟಿದೆ, ಹೆಬ್ಬೆರಳಿಗೆ ಉಜ್ಜಿ ನೋಡಿದರೆ ಜಾರುತ್ತದೆ, ಇನ್ನೊಮ್ಮೆ ಉಜ್ಜುತ್ತಾಳೆ, ಜಾರುತ್ತದೆ, ಜಾರುತ್ತದೆ ಅಂದರೆ ಎಣ್ಣೆ ಇತ್ತು, ಎಣ್ಣೆ ಇತ್ತು ಅಂದರೆ — ಅಪ್ಪ ಹಾಕಿದ್ದ.

ಅಪ್ಪ ಹಾಕಿದ್ದ, ಆ ಮಾತು ನಾಲಿಗೆಯ ಹಿಂದೆ ಬಂದು ಕೂತಿದೆ, ಹೊರಗೆ ಬರುವುದಿಲ್ಲ, ಅವಳ ಮಾತುಗಳೆಲ್ಲ ಹಾಗೇ, ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿ ಅವಳು ಉತ್ತರವನ್ನು ಬಾಯಿತನಕ ತರುವಷ್ಟರಲ್ಲಿ ತರಗತಿ ಮುಂದಿನ ಪಾಠಕ್ಕೆ ಹೋಗಿರುತ್ತಿತ್ತು, ಹಾಗೇ ಒಂದು ದಿನ ಶಾಲೆಯೇ ಅವಳನ್ನು ಬಿಟ್ಟು ಮುಂದೆ ಹೋಯಿತು, ಅವಳು ಅಮ್ಮನ ತಮ್ಮನ ಅಂಗಡಿಗೆ ಬಂದು ಹಿಂಬದಿಯ ಮೇಜಿಗೆ ಕೂತಳು, ತೊಳೆಯುವುದು, ಉಜ್ಜುವುದು, ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಜೋಡಿಸಿಡುವುದು, ಇವಳು ಮಾತಾಡಲ್ಲ ಕಣ್ರೀ ಅಂತ ಮಾವ ಗಿರಾಕಿಗಳಿಗೆ ಹೇಳುತ್ತಾನೆ, ಮಿಷನ್ನುಗಳಿಗೆ ಅದೇ ಇಷ್ಟ, ನಿಮ್ಮ ಥರ ನಿಂತ್ಕೊಂಡು ತಲೆ ತಿನ್ನಲ್ಲವಲ್ಲ, ಗಿರಾಕಿಗಳು ನಗುತ್ತಾರೆ, ಅವಳು ಪ್ಲಗ್ಗು ಉಜ್ಜುತ್ತಾಳೆ, ಈ ಗರಗಸ ಮಾತ್ರ ಗಿರಾಕಿಯದಲ್ಲ, ಅಪ್ಪನದು, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡದು, ಅವಳು ತೊಟ್ಟಿಲಲ್ಲಿ ಅಳುತ್ತಿದ್ದರೆ ಇದರ ಸದ್ದು ಕೇಳಿ ಸುಮ್ಮನಾಗುತ್ತಿದ್ದಳಂತೆ, ಅಮ್ಮ ಹೇಳುತ್ತಾಳೆ, ಆ ಗರಗಸ ಎರಡು ತಿಂಗಳ ಹಿಂದೆ ರಸ್ತೆಗೆ ಅಡ್ಡ ಬಿದ್ದ ಮರದ ಬೊಡ್ಡೆಯನ್ನು ಅರ್ಧ ಕೊಯ್ದು, ದನಿ ತೆಳ್ಳಗೆ ಏರಿ ಏರಿ, ಕಿರುಚಿ, ಗಕ್ಕನೆ ನಿಂತುಬಿಟ್ಟಿತಂತೆ, ಅಪ್ಪನ ಜೊತೆಗಾರ ಓಡಿ ಬಂದು ಕೇಳಿದ್ದು ಒಂದೇ ಮಾತು, ಅಣ್ಣಾ ಎಣ್ಣೆ ಬೆರೆಸಿದ್ಯಾ, ಅಪ್ಪ ಹೇಳಿದನಂತೆ, ಬೆರೆಸಿದೆ ಅನ್ಸುತ್ತೆ, ಆ ಅನ್ಸುತ್ತೆ ಅನ್ನುವ ಒಂದು ಮಾತಿನ ಮೇಲೆ ಎಲ್ಲ ಕುಸಿದು ಕೂತಿತು, ನೋಡೋಣವೆಂದರೆ ಪೆಟ್ರೋಲಿನ ಡಬ್ಬಿ ಖಾಲಿ, ಟ್ಯಾಂಕಿನಲ್ಲಿ ಉಳಿದದ್ದನ್ನು ಜೊತೆಗಾರ ಆಗಲೇ ಮಣ್ಣಿಗೆ ಚೆಲ್ಲಿದ್ದ, ಪಾಪ, ಕೆಟ್ಟ ಮನಸ್ಸಿನಿಂದಲ್ಲ, ಎಣ್ಣೆಯಿಲ್ಲದ ಪೆಟ್ರೋಲನ್ನು ಇನ್ಯಾರಾದರೂ ತಿಳಿಯದೆ ಇನ್ನೊಂದು ಗರಗಸಕ್ಕೆ ಹಾಕಿದರೆ ಅದೂ ಹಾಳು ಅಂತ, ಅಲ್ಲಿಗೆ ಸಾಕ್ಷಿ ಮಣ್ಣು ಸೇರಿತು, ಅವತ್ತಿನಿಂದ ಅಪ್ಪ ಕೇಳಲು ಶುರು ಮಾಡಿದ, ಬೀಗ ಹಾಕಿದ್ನಾ, ಒಲೆ ಆರಿಸಿದ್ನಾ, ನಲ್ಲಿ ನಿಲ್ಲಿಸಿದ್ನಾ, ಬೀದಿಯ ತುದಿಗೆ ಹೋದವನು ತಿರುಗಿ ಬಂದು ಬೀಗ ಎಳೆದು ನೋಡುತ್ತಾನೆ, ಎಳೆದು ನೋಡಿದ್ದನ್ನೂ ಕೇಳುತ್ತಾನೆ, ಎಳೆದು ನೋಡಿದ್ನಾ, ಮರ ಕೊಯ್ಯುವವನಿಗೆ ತಲೆ ಸರಿಯಿಲ್ಲ ಅಂದರೆ ಕೆಳಗೆ ನಿಂತವರ ಗತಿಯೇನು ಅಂತ ತಾನೇ ಹೇಳಿ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗೆ ಕುರ್ಚಿ ಹಾಕಿಕೊಂಡ, ಗೇಟು ತೆಗೆ, ಗೇಟು ಹಾಕು, ಅಲ್ಲಿ ಮರೆಯುವುದಕ್ಕೆ ಏನೂ ಇಲ್ಲ, ಗರಗಸ ಗುಜರಿಗೆ ಹಾಕಪ್ಪ ಅಂತ ಮಾವನ ಕೈಗೆ ಕೊಟ್ಟ, ಮಾವ ಗುಜರಿಗೆ ಹಾಕಲಿಲ್ಲ, ತಗೋ ಬಿಚ್ಚಿ ಕಲಿ ಅಂತ ಅವಳ ಮೇಜಿನ ಮೇಲಿಟ್ಟ, ಅವಳು ಬಿಚ್ಚಿದಳು, ಗೆರೆಗಳೆಲ್ಲ ಒಂದೇ ಕಡೆ ಇವೆ.

ಒಂದೇ ಕಡೆ ಅಂದರೆ ಗಾಳಿ, ಎಲ್ಲಿಂದಲೋ ಹೆಚ್ಚಿನ ಗಾಳಿ ಒಳಗೆ ಹೋಗಿದೆ, ಗಾಳಿ ಹೆಚ್ಚಿದರೆ ಪೆಟ್ರೋಲು ಸಾಲದು, ಪೆಟ್ರೋಲಿನ ಜೊತೆಗೆ ಬರುವ ಎಣ್ಣೆಯೂ ಸಾಲದು, ಬೆಂಕಿ ವಿಪರೀತ, ಹೊಗೆ ಹೋಗುವ ಕಡೆ ಮೊದಲೇ ಬಿಸಿ, ಅಲ್ಲೇ ಅಂಟಿಕೊಳ್ಳುತ್ತದೆ, ದನಿ ತೆಳ್ಳಗೆ ಏರಿತು ಅಂದನಲ್ಲ ಅಪ್ಪ, ಸುಮಾರು ದಿನದಿಂದ ಒಂಚೂರು ಚುರುಕಾಗಿ ಕೂಗ್ತಿತ್ತು, ನಾನು ಖುಷಿಪಟ್ಟೆ, ಮುದಿ ಮಿಷನ್ನಿಗೆ ಪ್ರಾಯ ಬಂತು ಅಂತ, ಹಾಗಂದಿದ್ದ, ಪ್ರಾಯ ಅಲ್ಲ ಅಪ್ಪ ಅದು, ಏದುಸಿರು, ಅವಳು ಹಳೇ ಪಿಸ್ಟನ್ನಿನ ಮೇಲೇ ಸಿಲಿಂಡರನ್ನು ಮತ್ತೆ ಕೂರಿಸುತ್ತಾಳೆ, ಹೊಗೆಯ ಕಿಂಡಿಗೂ ಗಾಳಿಯ ಕಿಂಡಿಗೂ ಸೈಕಲ್ ಟ್ಯೂಬಿನ ತುಂಡು ಇಟ್ಟು ಗಾಳಿ ಆಡದಂತೆ ಬಿಗಿಯುತ್ತಾಳೆ, ಪ್ಲಗ್ಗಿನ ತೂತಿಗೆ ಒಂದು ಒಡಕು ಪ್ಲಗ್ಗು, ಅದರ ಪಿಂಗಾಣಿ ತೆಗೆದು ಸೈಕಲ್ ವಾಲ್ವು ಬೆಸೆದದ್ದು, ಅದನ್ನು ಮಾಡಿದ್ದು ಮಾವನೇ, ಮಾಡಿ ಡಬ್ಬಿಯಲ್ಲಿ ಹಾಕಿ ಮರೆತದ್ದೂ ಮಾವನೇ, ಅದಕ್ಕೆ ಸೈಕಲ್ ಪಂಪು ಸಿಕ್ಕಿಸಿ ಮೆಲ್ಲಗೆ ಒತ್ತುತ್ತಾಳೆ, ಗಾಳಿ ಸೋರುವ ಕಡೆ ಗುಳ್ಳೆ ಏಳಲಿ ಅಂತ ಸಾಬೂನಿನ ನೊರೆಯನ್ನು ಬ್ರಷ್ಷಿನಿಂದ ಸವರುತ್ತಾಳೆ, ಜೋಡಣೆಗಳ ಮೇಲೆ, ಬೋಲ್ಟುಗಳ ಸುತ್ತ, ಕ್ಲಚ್ಚಿನ ಕಡೆಯ ಸೀಲಿನ ಮೇಲೆ, ನೊರೆ ಹಾಗೇ ಮಲಗಿದೆ, ಫ್ಲೈವೀಲು ಅನ್ನುವ ಭಾರದ ಚಕ್ರ ತೆಗೆದು ಈ ಕಡೆಯ ಸೀಲು, ದಂಡ ತಿರುಗುವ ಕಡೆ ಎಣ್ಣೆ ಗಾಳಿ ದಾಟದ ಹಾಗೆ ಕೂರಿಸಿದ ರಬ್ಬರಿನ ಬಳೆ, ಅದರ ಮೇಲೆ ಸವರಿ ಇನ್ನೊಮ್ಮೆ ಪಂಪು ಒತ್ತಿದರೆ — ಒಂದು ಗುಳ್ಳೆ, ಸಾಸಿವೆಯಷ್ಟು, ಬಟಾಣಿಯಷ್ಟು, ಒಡೆಯಿತು, ಅದೇ ಜಾಗದಲ್ಲಿ ಇನ್ನೊಂದು, ಮಾವ ಇಲ್ಲಿ ಬನ್ನಿ ಅಂತ ಕರೆದದ್ದು ಅವಳ ದನಿಯೇ, ಮಾವ ನೀರಿನ ಪಂಪು ಬಿಟ್ಟು ಬಂದು, ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ, ಬಗ್ಗಿ ನೋಡಿ, ಪಂಪು ಕಸಿದುಕೊಂಡು ತಾನೂ ಒತ್ತಿ ನೋಡಿ ಅಂದ, ಹಂಗಾದ್ರೆ ಭಾವಂದು ತಪ್ಪಿಲ್ಲ, ಅಂದ, ನಾನೂ ಎರಡು ತಿಂಗಳಿಂದ ಅವರ ಮುಖ ನೋಡಿ ಅಯ್ಯೋ ಪಾಪ ಅಂತಿದ್ನಲ್ಲೇ, ಅಂದ, ನೀನೇ ಹೇಳು ಮನೆಗೆ ಹೋಗಿ, ನಾನು ಹೇಳಿದರೆ ಸಮಾಧಾನಕ್ಕೆ ಹೇಳ್ತಿದ್ದಾನೆ ಅನ್ಕೋತಾರೆ, ನೀನು ಸುಮ್ಮಸುಮ್ಮನೆ ಬಾಯಿ ಬಿಡೋಳಲ್ಲ ಅಂತ ಅವರಿಗೆ ಗೊತ್ತು.

ಮನೆಯಲ್ಲಿ ತಟ್ಟೆಗಳ ಸದ್ದು, ಅಮ್ಮ ಬಡಿಸುತ್ತಿದ್ದಾಳೆ, ಅಪ್ಪ ಗೇಟಿನ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದ, ಜೇಬಿನಿಂದ ಸೀಟಿ ಅರ್ಧ ಇಣುಕಿದೆ, ಈಗ ಹೇಳಬೇಕು, ತುತ್ತು ನುಂಗಿ ಹೇಳಬೇಕು, ಅಮ್ಮ ಒಲೆಯ ಕಡೆ ತಿರುಗಿದಾಗ ಹೇಳಬೇಕು, ಬೇಡ ಅಮ್ಮನೂ ಕೇಳಿಸಿಕೊಳ್ಳಲಿ, ಅಮ್ಮನೇ ಮೊದಲು ಕೇಳಿಸಿಕೊಳ್ಳಬೇಕು, ಯಾಕೆಂದರೆ ಅಮ್ಮ ಯಾರಿಗೂ ಹೇಳದೆ ಬೆಂಕಿಪೊಟ್ಟಣವನ್ನು ಮೇಲಿನ ಗೂಡಿಗೆ ಏರಿಸಿದ್ದಾಳೆ, ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ, ಮಾತ್ರೆಯನ್ನು ಅಪ್ಪನ ಅಂಗೈಗೆ ಹಾಕಿ ನುಂಗುವವರೆಗೆ ನಿಂತು ನೋಡುತ್ತಾಳೆ, ಪ್ರೀತಿಯಿಂದಲೇ, ಮಕ್ಕಳಿಗೆ ಮಾಡಿದ ಹಾಗೆ, ಅಪ್ಪನಿಗೆ ಗೊತ್ತಾಗಿದೆ, ಅಪ್ಪನಿಗೆ ಗೊತ್ತಾಗಿದೆ ಅಂತ ಅವಳಿಗೂ ಗೊತ್ತಾಗಿದೆ, ಮಾತಾಡದವರಿಗೆ ಕಾಣುವುದು ಜಾಸ್ತಿ, ಜೊತೆಗಾರ ಇವತ್ತು ಕೆಲಸಕ್ಕೆ ಕರೆಯಲು ಗೇಟಿನ ಹತ್ತಿರ ಬಂದಿದ್ದ ಅಂತ ಅಪ್ಪ ಅನ್ನಕ್ಕೆ ಹೇಳಿದ ಹಾಗೆ ಹೇಳಿದ, ಬೇರೆ ಯಾರನ್ನಾದರೂ ನೋಡಿಕೋ ಅಂದೆ, ಹೂಂ ಅಂದ, ಹೂಂ ಅನ್ನುವಾಗ ಕಣ್ಣು ತಪ್ಪಿಸಿದ, ಅಮ್ಮ ಇನ್ನೊಂದು ಸೌಟು ಬಡಿಸಿದಳು, ಅವಳು ಬಾಯಿ ತೆರೆದಳು, ಅಪ್ಪ ಅಂದಳು, ಅಪ್ಪ ತಲೆಯೆತ್ತಿ ನೋಡಿದ, ಮಾತು ಗಂಟಲಿನವರೆಗೆ ಬಂದಿತ್ತು, ಬಂದು, ಅಲ್ಲಿ ಏನೋ ತಡೆದು, ಉಪ್ಪು ಅಂದಳು, ಅಪ್ಪ ಉಪ್ಪಿನ ಬಟ್ಟಲನ್ನು ಅವಳ ಕಡೆ ತಳ್ಳಿದ, ತಳ್ಳಿ ಕೇಳಿದ, ಮುಚ್ಚಳ ಹಾಕಿದ್ನಾ, ಮುಚ್ಚಳ ಅವನ ಕೈಯಲ್ಲೇ ಇತ್ತು, ಅವಳಿಗೆ ಉಪ್ಪು ಬೇಡವಾಗಿತ್ತು, ಹಾಕಿಕೊಂಡಳು, ಉಪ್ಪುಪ್ಪು ಅನ್ನವನ್ನು ಪೂರ್ತಿ ಉಂಡಳು, ಉಣ್ಣುತ್ತ ಉಣ್ಣುತ್ತ ಅಂದುಕೊಂಡಳು, ಹೇಳಿದರೆ ಒಂದು ಕಿವಿಯಲ್ಲಿ ಕೇಳಿ ತಲೆ ಸವರಿ ಮಲಗು ಹೋಗು ಅನ್ನುತ್ತಾನೆ, ಕಣ್ಣಿಗೇ ತೋರಿಸಬೇಕು, ಗುಳ್ಳೆ ತೋರಿಸಬೇಕು, ತೋರಿಸಿ ಅಲ್ಲೇ ಗರಗಸ ಓಡಬೇಕು, ಇಲ್ಲದಿದ್ದರೆ ಕೆಟ್ಟ ಮಿಷನ್ನಿನ ಮುಂದೆ ನಿಂತು ಯಾರ ತಪ್ಪು ಅಂತ ಮಾತಾಡಿದ ಹಾಗಾಗುತ್ತದೆ, ಓಡಬೇಕೆಂದರೆ ಪಿಸ್ಟನ್ನು ಬೇಕು, ಪಿಸ್ಟನ್ನು ಎಲ್ಲಿಂದ ತರುವುದು, ಈ ಗರಗಸ ಮಾಡಿದ ಕಂಪನಿ ಬಾಗಿಲು ಹಾಕಿ ಅವಳ ವಯಸ್ಸಿನಷ್ಟೇ ವರ್ಷವಾಯಿತು.

ಬಿಡಿಭಾಗಗಳ ಬೀದಿ, ಎರಡೂ ಕಡೆ ಅಂಗಡಿ, ಬಾಗಿಲಲ್ಲಿ ಬೆಲ್ಟುಗಳು ಹಾವಿನಂತೆ ನೇತಾಡುತ್ತವೆ, ಗ್ರೀಸಿನ ವಾಸನೆ, ಹೊಸ ರಬ್ಬರಿನ ವಾಸನೆ, ಸೀಲು ಮೊದಲು, ಸೀಲು ಸುಲಭ, ಅದಕ್ಕೆ ಕಂಪನಿಯ ಹಂಗಿಲ್ಲ, ಒಳಸುತ್ತು ಹೊರಸುತ್ತು ದಪ್ಪ ಮೂರು ಅಳತೆ ಸರಿಯಿದ್ದರೆ ಯಾವ ಮಿಷನ್ನಿನದಾದರೂ ನಡೆಯುತ್ತದೆ, ಬೇರಿಂಗ್ ಅಂಗಡಿಯವನು ಅವಳು ಬರೆದು ತಂದ ಚೀಟಿ ನೋಡಿ ಮಾತಿಲ್ಲದೆ ತೆಗೆದು ಕೊಟ್ಟ, ಇಡೀ ಬೀದಿ ಹೀಗೇ ಇದ್ದಿದ್ದರೆ, ಪಿಸ್ಟನ್ನಿಗೆ ಮೊದಲ ಅಂಗಡಿ, ಯಾವ ಮಿಷನ್ನಮ್ಮಾ, ಅವಳು ಗರಗಸದ ಹೆಸರು ಹೇಳಿದಳು, ಜೋರಾಗಿ ಹೇಳು, ಹೇಳಿದಳು, ಅಂಗಡಿಯವನು ತಲೆಯೆತ್ತಲೂ ಇಲ್ಲ, ಬರಲ್ಲ, ನಿಂತುಹೋಗಿದೆ, ಎರಡನೇ ಅಂಗಡಿಯವನು ನಕ್ಕ, ಅದಕ್ಕೆ ಪಿಸ್ಟನ್ನು ಬೇಕಂದ್ರೆ ಮೇಲಕ್ಕೇ ಹೋಗಿ ಕೇಳ್ಬೇಕು, ಪಕ್ಕದಲ್ಲಿದ್ದವರೂ ನಕ್ಕರು, ಅವಳ ಕಿವಿ ಬಿಸಿಯಾಯಿತು, ಮೂರನೇ ಅಂಗಡಿಯ ಮುಂದೆ ಹೋಗಿ ನಿಂತಾಗ ಅವಳ ಬಾಯಿ ಪೂರ್ತಿ ಬೀಗ ಹಾಕಿಕೊಂಡಿತ್ತು, ಒಂದಕ್ಷರ ಬರಲಿಲ್ಲ, ಕೈಯಲ್ಲಿದ್ದ ಕರವಸ್ತ್ರ ಬಿಚ್ಚಿ ಹಳೇ ಪಿಸ್ಟನ್ನನ್ನು ಗಾಜಿನ ಮೇಜಿನ ಮೇಲಿಟ್ಟು ಸುಮ್ಮನೆ ನಿಂತಳು, ಯಾವುದರದ್ದು ಅಂತ ಅವನು ಕೇಳಿದ, ಅವಳು ತಲೆಯಾಡಿಸಿದಳು, ಗೊತ್ತಿಲ್ಲ ಅಂತಲೋ ಹೇಳಲ್ಲ ಅಂತಲೋ ಅವಳಿಗೇ ತಿಳಿಯದ ಹಾಗೆ, ಅಷ್ಟರಲ್ಲಿ ಅವನ ಕೈ ತಾನಾಗಿ ಅಳತೆಯ ಪಟ್ಟಿ ತೆಗೆದುಕೊಂಡಿತ್ತು, ಅಗಲ ಹಿಡಿಯಿತು, ಪಿನ್ನಿನ ತೂತು ಹಿಡಿಯಿತು, ಸುತ್ತಲೂ ಉಂಗುರ ಕೂರುವ ಗೀರು ನೋಡಿತು, ಪಕ್ಕದ ಲೇತ್ ಅಂಗಡಿಯವರನ್ನು ಕರೆದ, ಅವರು ವಯಸ್ಸಾದವರು, ಬೆರಳುಗಳ ನಡುವೆ ತಿರುಗಿಸಿ, ಇದು ದೋಣಿ ಇಂಜಿನ್ದಪ್ಪಾ ಅಂದರು, ನಿಮ್ಮ ತಲೆ, ದೋಣಿಯದಕ್ಕೆ ಉಂಗುರ ದಪ್ಪ ಅಂತ ಇವನು, ಹಂಗಾದ್ರೆ ಗಿಡಕ್ಕೆ ಔಷಧಿ ಹೊಡೆಯೋ ಮಿಷನ್ದು, ಅದು ಇಷ್ಟು ಅಗಲ ಎಲ್ಲಿರುತ್ತೆ ಅಣ್ಣಾ, ನಿಮಗೆ ಕಣ್ಣು ಹೋಯ್ತು, ಕಣ್ಣು ಹೋದ್ರೂ ಕೈ ಇದೆ ಕಣೋ, ಇಬ್ಬರೂ ಅವಳನ್ನು ಮರೆತೇಬಿಟ್ಟರು, ಡಬ್ಬಿಗಳು ಇಳಿದವು, ಧೂಳು ಎದ್ದಿತು, ಅವಳು ನೋಡುತ್ತ ನಿಂತಳು, ಹೆಸರು ಹೇಳಿದರೆ ಇಲ್ಲ ಅನ್ನುವವರು ವಸ್ತು ಇಟ್ಟರೆ ಇಲ್ಲ ಅನ್ನಲಾರರು, ಅದು ಅವಳಿಗೆ ಅಲ್ಲಿ ನಿಂತೇ ಹೊಳೆಯಿತು, ಕಡೆಗೆ ಒಂದು ಹಳದಿ ಡಬ್ಬಿಯಿಂದ ಬಂತು, ಕಾಂಕ್ರೀಟು ರಸ್ತೆ ಕೊಯ್ಯುವ ಮಿಷನ್ನಿನ ಪಿಸ್ಟನ್ನು, ಅಗಲ ಅದೇ, ಪಿನ್ನು ಅದೇ, ಉಂಗುರ ಅದೇ, ಪಿನ್ನಿನಿಂದ ಮೇಲಕ್ಕೆ ತಲೆ ಮಾತ್ರ ಒಂದು ಉಗುರಿನ ದಪ್ಪದಷ್ಟು ಎತ್ತರ, ಲೇತಿನವರು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಅಂದರು, ಅಣ್ಣತಮ್ಮ, ಒಬ್ಬನದು ತಲೆ ಸ್ವಲ್ಪ ದಪ್ಪ ಅಷ್ಟೇ, ಈಗಲಾದರೂ ಹೇಳಮ್ಮ ಯಾವುದರದ್ದು ಅಂತ, ಅವಳು ಹೇಳಿದಳು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಂಗಡಿಯವನು ಅಂದ, ಮೊದಲೇ ಹೇಳಿದ್ದರೆ ನಾನು ಬರಲ್ಲ ಅಂದ್ಬಿಡ್ತಿದ್ದೆ.

ತಲೆ ಎತ್ತರವಾದರೆ ಮೇಲಕ್ಕೆ ಹೋದಾಗ ಸಿಲಿಂಡರಿನ ಚಾವಣಿಗೆ ಬಡಿಯುತ್ತದೆ, ಮಾವನೂ ಅದನ್ನೇ ಅಂದ, ಬಡಿಯುತ್ತೆ ನೋಡು, ಲೇತಿಗೆ ಕೊಟ್ಟು ತಲೆ ಕೆರೆಸು, ಅವಳು ಬೇಡ ಅಂತ ತಲೆಯಾಡಿಸಿದಳು, ತಲೆ ಕೆರೆಸಿದರೆ ತೆಳುವಾಗುತ್ತದೆ, ತೆಳುವಾದರೆ ಬಿಸಿಗೆ ತಡೆಯದು, ಪಿಸ್ಟನ್ನನ್ನು ತಗ್ಗಿಸುವ ಬದಲು ಸಿಲಿಂಡರನ್ನೇ ಎತ್ತಿದರೆ, ಕೆಳಗೆ ದಪ್ಪ ಪ್ಯಾಕಿಂಗು ಇಟ್ಟರೆ, ತಲೆ ಎಷ್ಟು ಎತ್ತರವೋ ಮನೆಯೂ ಅಷ್ಟೇ ಎತ್ತರ, ಆದರೆ ಮೊದಲು ಗೋಡೆ ಸರಿಯಾಗಬೇಕು, ಬಚ್ಚಲು ತೊಳೆಯುವ ಆಸಿಡ್ಡು, ಕಡ್ಡಿಗೆ ಸುತ್ತಿದ ಹತ್ತಿ, ಪರಚಿದ ಜಾಗದ ಮೇಲೆ ಮುಟ್ಟಿಸಿದರೆ ಸೊಂಯ್ಯೆಂದು ನೊರೆ ಬರುತ್ತದೆ, ಹಳೇ ಪಿಸ್ಟನ್ನಿನ ಅಲ್ಯೂಮಿನಿಯಂ ಗೋಡೆಗೆ ಅಂಟಿಕೊಂಡಿರುವಷ್ಟೂ ಹೊತ್ತು ನೊರೆ, ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಕೂತು ಮುಟ್ಟಿಸುತ್ತಾಳೆ, ಒರೆಸುತ್ತಾಳೆ, ಮುಟ್ಟಿಸುತ್ತಾಳೆ, ನೊರೆ ನಿಂತ ಕಡೆ ನಿಲ್ಲಿಸುತ್ತಾಳೆ, ನೀರು ಹಾಕಿ ತೊಳೆದು ಉಗುರಿನ ತುದಿಯಿಂದ ಕೆರೆದು ನೋಡುತ್ತಾಳೆ, ಉಗುರು ತಡೆಯುವುದಿಲ್ಲ, ಒಂದೇ ಒಂದು ಗೆರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ, ಇರಲಿ, ಕೈಗೆ ಸಿಗದ ಗೆರೆ ಯಾರಿಗೆ ಇಲ್ಲ, ಪಿಸ್ಟನ್ನಿನ ತಲೆಯ ಮೇಲಿನ ಬಾಣ ಹೊಗೆಯ ಕಿಂಡಿಯ ಕಡೆ, ಉಂಗುರಗಳ ಬಾಯಿ ಗೀರಿನೊಳಗಿನ ಮೊಳೆಗೆ ಸರಿಯಾಗಿ ಕೂತಿದೆ, ಸಿಲಿಂಡರು ಇಳಿಯಿತು, ಪ್ಲಗ್ಗಿನ ತೂತಿನಿಂದ ಬೆಸುಗೆ ತಂತಿಯ ತುಂಡು ಇಳಿಬಿಟ್ಟು ಕ್ರ್ಯಾಂಕಿನ ದಂಡವನ್ನು ಕೈಯಲ್ಲಿ ತಿರುಗಿಸಿದರೆ ತಂತಿ ಅಪ್ಪಚ್ಚಿಯಾಗಿ ಬಂತು, ಕಾಗದದಷ್ಟು ತೆಳು, ಜಾಗವೇ ಇಲ್ಲ, ಬಿಚ್ಚಿದಳು, ಪ್ಯಾಕಿಂಗ್ ಹಾಳೆಯ ಮೇಲೆ ಸಿಲಿಂಡರಿನ ತಳ ಒತ್ತಿ ಅಚ್ಚು ತೆಗೆದು ಕತ್ತರಿಸಿದಳು, ಇಟ್ಟು, ಬಿಗಿದು, ಮತ್ತೆ ತಂತಿ, ಈ ಸಲ ತುದಿ ಚಪ್ಪಟೆಯಾಗಿದೆ, ಆದರೆ ಅದಕ್ಕೊಂದು ಮೈ ಇದೆ, ಮಾವ ಅಳತೆ ಹಿಡಿದು ನೋಡಿದ, ಹಳೇ ತಂತಿ ನೋಡಿದ, ಹೊಸದು ನೋಡಿದ, ಬಂದು ನಿಂತಿದ್ದ ಗಿರಾಕಿಯ ಕಡೆ ತಿರುಗಿ ಹೇಳಿದ, ನಾಳೆಯಿಂದ ನಾನು ಹಿಂದಿನ ಮೇಜಿಗೆ ಹೋಗ್ತೀನಿ ಕಣ್ರೀ, ಪ್ಲಗ್ಗು ಉಜ್ಜಕ್ಕೆ, ಅವಳಿಗೆ ನಗು ಬಂತು, ಬಗ್ಗಿ ನಕ್ಕಳು, ಎಲ್ಲ ಮುಗೀತಲ್ಲ ಆ ಸೀಲೂ ಹಾಕಿಬಿಡು, ಹಗ್ಗ ಎಳೆದು ಓಡಿಸಿ ನೋಡೋಣ ಅಂದ ಮಾವ, ಅವಳು ಹಾಕಲಿಲ್ಲ, ಹೊಸ ಸೀಲು ಜೇಬಿನಲ್ಲಿದೆ, ಹರಿದ ಸೀಲು ಇನ್ನೂ ತನ್ನ ಜಾಗದಲ್ಲೇ ಇದೆ, ಅಪ್ಪ ಬರಲಿ ಅಂದಳು, ಮಾವ ಅವಳ ಮುಖ ನೋಡಿ, ಹೋಗಿ ಕುರ್ಚಿಯ ಮೇಲಿನ ಧೂಳು ಕೊಡವಿದ.

ಅಪ್ಪ ಬಂದಿದ್ದಾನೆ, ಗೇಟಿನ ಕೆಲಸ ಮುಗಿಸಿ ಅದೇ ಅಂಗಿಯಲ್ಲಿ, ಹೊರಗೆ ಇನ್ನೂ ಬಿಸಿಲಿದೆ, ಗರಗಸ ನೋಡಿ ನಿಂತುಬಿಟ್ಟ, ಮೈಯೆಲ್ಲ ತೊಳೆದು ಒರೆಸಿದ ಗರಗಸ, ಕೈ ಮುಂದೆ ಬಂತು, ಹಿಂದಕ್ಕೆ ಹೋಯಿತು, ಚೆನ್ನಾಗಿ ಮಾಡಿದ್ದೀಯ ಮಗಳೇ ಅಂದ, ಯಾರಿಗಾದರೂ ಒಳ್ಳೆಯವರಿಗೆ ಕೊಡಿ, ತಲೆ ನೆಟ್ಟಗಿರೋರಿಗೆ, ಈಗ, ಈಗ, ಅವಳು ಮಾತಿಗೆ ಕಾಯಲಿಲ್ಲ, ಪಂಪು ಅಪ್ಪನ ಕೈಗೆ ಕೊಟ್ಟಳು, ಒತ್ತು ಅಂತ ಕೈಯಲ್ಲೇ ತೋರಿಸಿದಳು, ಏನಿದು ಅನ್ನುತ್ತಲೇ ಅಪ್ಪ ಒತ್ತಿದ, ಅವಳು ನೊರೆ ಸವರಿದಳು, ಗುಳ್ಳೆ ಎದ್ದಿತು, ಉಬ್ಬಿತು, ಒಡೆಯಿತು, ಇನ್ನೊಂದು ಎದ್ದಿತು, ಅಪ್ಪ ಪಂಪು ನಿಲ್ಲಿಸಿದ, ಗುಳ್ಳೆಯೂ ನಿಂತಿತು, ಒತ್ತಿದ, ಎದ್ದಿತು, ಮರ ಕೊಯ್ದ ಕೈ ಅದು, ಅದಕ್ಕೆ ಅರ್ಥವಾಗುತ್ತಿದೆ, ಮುಖಕ್ಕೆ ಇನ್ನೂ ಆಗಿಲ್ಲ, ಅವಳು ಬಾಯಿ ತೆರೆದಳು, ಗಂಟಲಿನಲ್ಲಿ ಅದೇ ತಡೆ, ತಡೆಯ ಮೇಲೆಯೇ ಹೇಳಿದಳು, ಗಾಳಿ ಅಪ್ಪ, ಇಲ್ಲಿಂದ ಗಾಳಿ ಕುಡೀತಿತ್ತು, ಸೀಲು ಹರಿದಿತ್ತು, ಒಳಗೆ ಬೇರಿಂಗಿನ ಮೇಲೆ ಎಣ್ಣೆ ಇನ್ನೂ ಇತ್ತು, ನಾನು ಮುಟ್ಟಿ ನೋಡಿದೆ, ನೀನು ಎಣ್ಣೆ ಹಾಕಿದ್ದೆ. ಅಪ್ಪ ಅವಳನ್ನೇ ನೋಡಿದ. ಹಾಕಿದ್ನಾ ಅಂದ, ಬೀಗದ ಹಾಗಲ್ಲ, ಒಲೆಯ ಹಾಗಲ್ಲ, ಬಹಳ ಕೆಳಗಿನ ದನಿಯಲ್ಲಿ. ಹಾಕಿದ್ದೆ ಅಂದಳು. ಮಾವ ಆ ಕಡೆ ತಿರುಗಿ ಖಾಲಿ ಕಪಾಟಿನಲ್ಲಿ ಏನೋ ಹುಡುಕುತ್ತಿದ್ದ, ಅವಳು ಹರಿದ ಸೀಲನ್ನು ಮೀಟಿ ತೆಗೆದಳು, ಅಪ್ಪನ ಅಂಗೈಯಲ್ಲಿಟ್ಟಳು, ಅವನು ಒತ್ತಿದ ಕೂಡಲೇ ಅದು ಒಣ ಎಲೆಯ ಹಾಗೆ ಮುರಿಯಿತು, ಹೊಸದನ್ನು ಕೂರಿಸಿ, ಮಟ್ಟ ತಟ್ಟಿ, ನೊರೆ ಸವರಿದಳು, ಅಪ್ಪ ಒತ್ತಿದ, ಬಗ್ಗಿ ನೋಡಿದ, ಜೋರಾಗಿ ಒತ್ತಿದ, ನೊರೆ ಅಲುಗಲಿಲ್ಲ, ಅವಳು ಫ್ಲೈವೀಲು ಹಾಕಿದಳು, ಪ್ಲಗ್ಗು, ಕಾರ್ಬುರೇಟರು, ಹೊಗೆಯ ಡಬ್ಬಿ, ಮುಚ್ಚಳ, ಒಂದೊಂದಾಗಿ, ಅಪ್ಪ ಬೋಲ್ಟುಗಳನ್ನು ಕೇಳುವ ಮೊದಲೇ ಎತ್ತಿ ಕೊಟ್ಟ, ಯಾವುದು ಎಲ್ಲಿಯದು ಅಂತ ಒಮ್ಮೆಯೂ ತಪ್ಪಲಿಲ್ಲ, ಟ್ಯಾಂಕು ಖಾಲಿ, ಅವಳು ಬೇಕೆಂದೇ ಖಾಲಿ ಬಿಟ್ಟಿದ್ದಳು, ಮೇಜಿನ ಮೇಲೆ ಪೆಟ್ರೋಲಿನ ಬಿಳಿ ಡಬ್ಬಿ ಇದೆ, ಪಕ್ಕದಲ್ಲಿ ಎಣ್ಣೆಯ ಶೀಸೆ, ಯಾರೂ ಅದರ ಕಡೆ ಕೈ ಮಾಡಲಿಲ್ಲ, ಮಾವ ಮಾಡಲಿಲ್ಲ, ಅವಳು ಮಾಡಲಿಲ್ಲ, ಹೊರಗೆ ಒಂದು ಗಾಡಿ ಹೋಯಿತು, ಅಪ್ಪ ಎರಡೂ ಕೈಯನ್ನು ಅಂಗಿಗೆ ಒರೆಸಿಕೊಂಡ, ಶೀಸೆ ಎತ್ತಿಕೊಂಡ, ಮುಚ್ಚಳದಲ್ಲಿ ಅಳೆದ, ಡಬ್ಬಿಯ ಬಾಯಿಗೆ ಹಿಡಿದು ಬಗ್ಗಿಸಿದ, ಬಿಳಿ ಡಬ್ಬಿಯ ಮೈಯಾಚೆ ಬಿಸಿಲು, ಬಿಸಿಲಿನಲ್ಲಿ ಪೆಟ್ರೋಲು ನೀರಿನ ಹಾಗೆ, ಅದರೊಳಗೆ ಕೆಂಪು ಎಣ್ಣೆಯ ಎಳೆ ಇಳಿಯಿತು, ನೂಲಿನಷ್ಟು ಸಣ್ಣ, ತಳ ಮುಟ್ಟಿ ಬಳುಕಿತು, ಅಪ್ಪ ಡಬ್ಬಿಯ ಬಾಯಿ ಮುಚ್ಚಿ ಅಲುಗಿಸಿದ, ಟ್ಯಾಂಕಿಗೆ ಸುರಿದ, ಈಗ ಕೇಳುತ್ತಾನೆ, ಎಣ್ಣೆ ಹಾಕಿದ್ನಾ ಅಂತ, ಅವಳು ಕಾದಳು, ಉತ್ತರ ಬಾಯಿಯಲ್ಲೇ ಸಿದ್ಧ ಇಟ್ಟುಕೊಂಡು ಕಾದಳು, ಟ್ಯಾಂಕಿನ ಮುಚ್ಚಳ ತಿರುಗಿಸಿದ, ಬಿಗಿಯಿತು, ಗರಗಸವನ್ನು ನೆಲಕ್ಕಿಟ್ಟು ಕಾಲು ಊರಿದ, ಹಗ್ಗ ಹಿಡಿದ, ಅಪ್ಪ ಕೇಳಲಿಲ್ಲ, ಎಳೆದ, ಕೆಮ್ಮಿತು, ಎಳೆದ, ಕೆಮ್ಮಿತು, ಎಳೆದ, ಹೊಗೆ, ಸದ್ದು, ತೆಳ್ಳಗಿನ ದನಿಯಲ್ಲ, ದಪ್ಪ ದನಿ, ತೊಟ್ಟಿಲವರೆಗೂ ಕೇಳುತ್ತಿದ್ದ ದನಿ, ಮಾವ ಕೈಯೆತ್ತಿ ಏನೋ ಕೂಗುತ್ತಿದ್ದಾನೆ, ಅಪ್ಪ ಏನೋ ಹೇಳುತ್ತಿದ್ದಾನೆ, ಅವನ ತುಟಿ ಅಲುಗುತ್ತಿದೆ, ಏನೂ ಕೇಳಿಸುತ್ತಿಲ್ಲ, ಅವಳಿಗೆ ಕಾಣುತ್ತಿರುವುದು ಬಿಸಿಲು, ಬಿಳಿ ಡಬ್ಬಿ, ಅದರೊಳಗೆ ಇಳಿಯುತ್ತಿರುವ ಕೆಂಪು ಎಳೆ, ನೂಲಿನಷ್ಟು ಸಣ್ಣ, ಅಪ್ಪ ಕೇಳಲಿಲ್ಲ, ಬಿಸಿಲು, ಕೆಂಪು ಎಳೆ, ಇಳಿಯುತ್ತಿದೆ, ಕೆಂಪು ಎಳೆ